ಎಜುಕೇಶನ್ ಲೋನ್ ಮೊರಟೋರಿಯಂ (ಕಂತು ಕಟ್ಟದೆ ಇರಬಹುದಾದ ಅವಧಿ) ಮುಗೀತಾ ಬಂತು, ಕೆಲಸ ಸಿಕ್ಕ ತಕ್ಷಣ ಕಟ್ಟೋಕೆ ಶುರು ಮಾಡ್ಲೇಬೇಕಾ?

ತಿಪಟೂರು_ಹುಡುಗ:

ಎಲ್ರಿಗೂ ನಮಸ್ಕಾರ. ಬಿಇ ಮೆಕ್ಯಾನಿಕಲ್ ಮುಗಿದು ಇನ್ನೆರಡು ತಿಂಗಳಿಗೆ ವರ್ಷ ಆಗತ್ತೆ. ಕ್ಯಾಂಪಸ್ಸಲ್ಲಿ ಆಗ್ಲಿಲ್ಲ, ಸುಮಾರು ಕಡೆ ಅಲೆದು ಈಗ ಪೀಣ್ಯದಲ್ಲಿ ಒಂದು ಸಣ್ಣ ಕಂಪನೀಲಿ ಕ್ವಾಲಿಟಿ ಇನ್‌ಸ್ಪೆಕ್ಷನ್ ಕೆಲಸ, ಕೈಗೆ 19 ಸಾವಿರ. ಪಿಜಿ, ಊಟ, ಬಸ್ಸು ಅಂತ ಕಳೆದ್ರೆ ಉಳಿಯೋದು ಐದಾರು ಸಾವಿರ, ಅದೂ ಊರಿಗೆ ಹೋಗದ ತಿಂಗಳು.

ಓದೋಕೆ ನಮ್ಮೂರ ಬ್ಯಾಂಕಲ್ಲಿ 6 ಲಕ್ಷ ಲೋನ್ ಮಾಡಿದ್ವಿ, ವರ್ಷಕ್ಕೆ ಒಂದೂವರೆ ಲಕ್ಷದಂಗೆ ನಾಲ್ಕು ಸಲ ನೇರ ಕಾಲೇಜಿನ ಅಕೌಂಟಿಗೆ ಹೋಗಿದೆ. ಬಡ್ಡಿ 10 ಪರ್ಸೆಂಟ್ ಆಸುಪಾಸು. ಅಪ್ಪ ಕೋ-ಅಪ್ಲಿಕೆಂಟ್, ತೋಟ ಗೀಟ ಏನೂ ಅಡ ಇಟ್ಟಿಲ್ಲ. ಮೊನ್ನೆ ಬ್ಯಾಂಕಿನ ಆಪ್ ಓಪನ್ ಮಾಡಿದ್ರೆ ಬಾಕಿ ಹತ್ರ ಹತ್ರ 8 ಲಕ್ಷ ತೋರಿಸ್ತಿದೆ!! ಅಪ್ಪ ಅಂತೂ ಓದು ಮುಗಿಯೋವರೆಗೂ ಬಡ್ಡಿ ಇಲ್ಲ ಅಂತಲೇ ನಂಬ್ಕೊಂಡಿದ್ರು, ಆವತ್ತು ಸಹಿ ಹಾಕ್ಸೋವಾಗ ಯಾರೂ ಬಿಡಿಸಿ ಹೇಳಿಲ್ಲ.

ಬ್ರ್ಯಾಂಚಿಗೆ ಹೋದ್ರೆ ಹೊಸ ಮ್ಯಾನೇಜರ್, ಅವರು ಫೈಲೂ ತೆಗೀಲಿಲ್ಲ, ಕೆಲಸ ಸಿಕ್ಕಿದೆಯಲ್ಲ ಮುಂದಿನ ತಿಂಗಳಿಂದ ಶುರು ಮಾಡು ಅಂದ್ಬಿಟ್ರು. ಗೂಗಲ್ ಮಾಡಿದ್ರೆ ಒಂದು ಕಡೆ ಆರು ತಿಂಗಳು ಟೈಮ್ ಇರತ್ತೆ ಅಂತಿದೆ, ಇನ್ನೊಂದು ಕಡೆ ಒಂದು ವರ್ಷ ಅಂತಿದೆ. ಯಾವುದು ಸರಿ? ಈಗಲೇ ಬಡ್ಡಿ ಕಟ್ಟೋದು ಒಳ್ಳೇದಾ ಇಲ್ಲ ಎರಡು ತಿಂಗಳು ಕಾಯ್ಲಾ? ಸರ್ಕಾರ ಬಡ್ಡಿ ಕಟ್ಟತ್ತೆ ಅಂತಾರಲ್ಲ ಅದು ನಮಗೆ ಯಾಕೆ ಬಂದಿಲ್ಲ? ಗೊತ್ತಿರೋರು ಸ್ವಲ್ಪ ಹೇಳಿ ಪ್ಲೀಸ್.

ಬ್ಯಾಂಕಿನ_ಕಾಕಾ_ಧಾರವಾಡ:

ತಮ್ಮಾ, ಮೊದ್ಲು ಸ್ಯಾಂಕ್ಷನ್ ಲೆಟರ್ ತಗದು ಮುಂದ ಇಟ್ಕೋ. ಗೂಗಲ್ ಹೇಳಿದ್ದು, ಮ್ಯಾನೇಜರ್ ಬಾಯಿಲೆ ಹೇಳಿದ್ದು ಎಲ್ಲಾ ಆಮ್ಯಾಲೆ. ನಿನಗೂ ಬ್ಯಾಂಕಿಗೂ ಇರೋ ಕರಾರು ಅದೊಂದೇ. ಅದರಾಗ ಮೊರಟೋರಿಯಂ ಅಥವಾ ರೀಪೇಮೆಂಟ್ ಹಾಲಿಡೇ ಅಂತ ಒಂದು ಸಾಲು ಇರತೈತಿ, ಕಂತು ಯಾವ ತಿಂಗಳಿಂದ, ಎಷ್ಟು ತಿಂಗಳು ಅಂತನೂ ಇರತೈತಿ. ಕಳದಿದ್ರ ಬ್ರ್ಯಾಂಚ್‌ನ್ಯಾಗ ಕಾಪಿ ಕೇಳು, ಕೊಡಬೇಕಾದ್ದು ಅವರ ಕೆಲಸ.

ಆರು ತಿಂಗಳಿನ ಮಾತು ಎಲ್ಲಿಂದ ಬಂತು ಹೇಳ್ತೀನಿ. ಹಿಂದ ಬ್ಯಾಂಕುಗಳ ಸಂಘದ, ಅಂದ್ರ ಐಬಿಎ ಮಾದರಿ ಸ್ಕೀಮ್‌ನ್ಯಾಗ, ಕೋರ್ಸ್ ಮುಗದು ಒಂದು ವರ್ಷ ಇಲ್ಲಾ ಕೆಲಸ ಸಿಕ್ಕು ಆರು ತಿಂಗಳು, ಯಾವುದು ಮೊದ್ಲೋ ಅದು ಅಂತ ಇತ್ತು. 2015ರಾಗ ಸ್ಕೀಮ್ ಬದಲಿ ಮಾಡಿ ಕೋರ್ಸ್ ಅವಧಿ ಮತ್ತ ಒಂದು ವರ್ಷ, ಇಷ್ಟ ಇಟ್ಟರು. ಕೆಲಸ ಸಿಕ್ಕರೂ ಸಿಗದಿದ್ರೂ ವರ್ಷ ವರ್ಷನ. ನಿಂದು ಇತ್ತೀಚಿನ ಲೋನ್, ಹಂಗಾಗಿ ಒಂದು ವರ್ಷ ಇರೂದ ಜಾಸ್ತಿ ಸಾಧ್ಯ. ಆದ್ರ ಐಬಿಎದ್ದು ಮಾದರಿ ಅಷ್ಟ, ಪ್ರತಿ ಬ್ಯಾಂಕೂ ತನ್ನ ಹಿಸಾಬಿಲೆ ಸ್ವಲ್ಪ ತಿದ್ಕೊಂಡಿರತೈತಿ, ಅದಕ್ಕ ಲೆಟರ್ ನೋಡು ಅಂತ ಬಡಕೊಳ್ಳಾಕತ್ತೀನಿ. ವರ್ಷ ಎಣಿಸೂದು ಕೋರ್ಸ್ ಮುಗಿಯೋ ತಿಂಗಳಿಂದ, ಘಟಿಕೋತ್ಸವದ ದಿನದಿಂದ ಅಲ್ಲ, ಇದರಾಗ ಭಾಳ ಹುಡುಗ್ರು ಎಡವತಾರ.

ಬಡ್ಡಿ ವಿಷಯ. ಮೊರಟೋರಿಯಂ ಅಂದ್ರ ಕಂತಿಗೆ ರಜೆ, ಬಡ್ಡಿಗೆ ರಜೆ ಅಲ್ಲ. ಆಟೋ ನಿಂತಾಗೂ ಮೀಟರ್ ಓಡತೈತಲ್ಲ, ಹಂಗ. ಆದ್ರ ಆ ಅವಧಿಗೆ ಹಾಕಬೇಕಾದ್ದು ಸರಳ ಬಡ್ಡಿ, ಚಕ್ರಬಡ್ಡಿ ಅಲ್ಲ, ಇದು ಮಾದರಿ ಸ್ಕೀಮ್‌ನ್ಯಾಗ ಸ್ಪಷ್ಟ ಐತಿ. ಕಂತು ಶುರುವಾಗೂ ದಿನ ಅಲ್ಲೀತನಕ ಕೂಡಿದ ಬಡ್ಡಿ ಅಸಲಿಗೆ ಸೇರತೈತಿ, ಅಲ್ಲಿಂದ ಮುಂದ ಬಡ್ಡಿ ಮ್ಯಾಲೂ ಬಡ್ಡಿನ. ಅದಕ್ಕ ಆ ದಿನದ ಹಿಂದ ಕಟ್ಟಿದ ರೂಪಾಯಿಗೆ ಬೆಲೆ ಜಾಸ್ತಿ. ಓದೋವಾಗಿಂದನ ಬಡ್ಡಿ ಕಟ್ಕೋತ ಬಂದವರಿಗೆ ಒಂದು ಪರ್ಸೆಂಟ್ ರಿಯಾಯಿತಿ ಕೊಡೋ ಪದ್ಧತಿನೂ ಐತಿ, ಆದ್ರ ನಿನ್ನ ಬಂಡಿ ಹೋಗಿ ಭಾಳ ದಿನ ಆತು.

ಲೋನ್ ಅಕೌಂಟಿನ ಪೂರ್ತಿ ಸ್ಟೇಟ್ಮೆಂಟ್ ತಗೋ, ಮೊದಲನೇ ಹಣ ಹೋದ ದಿನದಿಂದ. ಆಪ್‌ನ್ಯಾಗ ಬರೇ ಮೊತ್ತ ಕಾಣತೈತಿ, ಅದು ಹೆಂಗ ಆತು ಅನ್ನೂದು ಕಾಣೂದಿಲ್ಲ.

ಲೆಕ್ಕದ_ಪುಸ್ತಕ:

ಕಾಕಾ ಹೇಳಿದ್ಮೇಲೆ ನಾನು ಸುಮ್ನೆ ಲೆಕ್ಕ ಮಾಡಿ ನೋಡ್ದೆ, ಸರಳ ಬಡ್ಡಿ 10 ಪರ್ಸೆಂಟ್ ಅಂತ ಇಟ್ಕೊಂಡು. ಮೊದಲ ವರ್ಷದ ಒಂದೂವರೆ ಲಕ್ಷ ಐದು ವರ್ಷ ಕೂತಿರತ್ತೆ (ನಾಲ್ಕು ಓದಿದ್ದು, ಒಂದು ಮೊರಟೋರಿಯಂ), ಅದಕ್ಕೆ 75 ಸಾವಿರ ಬಡ್ಡಿ. ಎರಡನೇದಕ್ಕೆ ನಾಲ್ಕು ವರ್ಷ, 60 ಸಾವಿರ. ಮೂರನೇದಕ್ಕೆ 45, ಕೊನೇದಕ್ಕೆ 30. ಒಟ್ಟು 2 ಲಕ್ಷ 10 ಸಾವಿರ. ಅಂದ್ರೆ ಕಂತು ಶುರುವಾಗೋ ದಿನ 8 ಲಕ್ಷ 10 ಸಾವಿರ ಇರಬೇಕು, ನಿಮಗೆ ಇನ್ನೆರಡು ತಿಂಗಳು ಬಾಕಿ ಇದೆ, ಈಗ ತಿಂಗಳಿಗೆ 5 ಸಾವಿರ ಬಡ್ಡಿ ಬೀಳ್ತಿದೆ, ಹಾಗಾಗಿ 8 ಲಕ್ಷ ತೋರಿಸ್ತಿರೋದು ಸರಿಯಾಗೇ ಇದೆ. ಬ್ಯಾಂಕ್ ಚಕ್ರಬಡ್ಡಿ ಹಾಕಿದ್ರೆ, ವರ್ಷಕ್ಕೊಂದ್ಸಲ ಕೂಡಿಸಿದ್ರೂ ಕೊನೆಗೆ 8 ಲಕ್ಷ 42 ಸಾವಿರ ಆಗ್ತಿತ್ತು. ಸೋ ಆ ವಿಷಯದಲ್ಲಿ ಮೋಸ ಆಗಿಲ್ಲ ಅನ್ಸತ್ತೆ, ಆದ್ರೂ ಸ್ಟೇಟ್ಮೆಂಟ್ ತಗೊಂಡು ಹಣ ಹೋದ ತಾರೀಕು ಹಾಕಿ ನೀವೇ ಒಂದ್ಸಲ ಎಕ್ಸೆಲ್ ಮಾಡಿ ನೋಡಿ.

ಈ 8.10 ಲಕ್ಷಕ್ಕೆ 10 ವರ್ಷದ ಕಂತು ಅಂದ್ರೆ ತಿಂಗಳಿಗೆ 10,704 ರೂಪಾಯಿ. 15 ವರ್ಷ ಅಂದ್ರೆ 8,704. ಕಂತಲ್ಲಿ ಸರಿಯಾಗಿ 2 ಸಾವಿರ ವ್ಯತ್ಯಾಸ, ಆದ್ರೆ ಒಟ್ಟು ಬಡ್ಡಿಯಲ್ಲಿ 2 ಲಕ್ಷ 82 ಸಾವಿರ ವ್ಯತ್ಯಾಸ.

ಬೆಂಗ್ಳೂರ್_ಬಾಯ್_07:

ಬ್ರೋ ಸುಮ್ನೆ ಕಟ್ಬೇಡ, ಎಲೆಕ್ಷನ್ ಟೈಮಲ್ಲಿ ಮನ್ನಾ ಆಗತ್ತೆ. ನಮ್ಮ ಏರಿಯಾದಲ್ಲಿ ಒಬ್ಬ ಕಟ್ಟೇ ಇಲ್ಲ, ಬ್ಯಾಂಕೋರು ಏನೂ ಕಿತ್ಕೊಳ್ಳೋಕೆ ಆಗಿಲ್ಲ.

ಬ್ಯಾಂಕಿನ_ಕಾಕಾ_ಧಾರವಾಡ:

ಇಂಥಾ ಮಾತು ಕೇಳಿ ಕೆಟ್ಟ ಹುಡುಗ್ರನ್ನ ಸರ್ವಿಸ್‌ನ್ಯಾಗ ಸಾಕಷ್ಟು ನೋಡೀನಿ. ಮನ್ನಾ ಅಂತ ಕೂತ್ರ ಆಗೂದು ಇಷ್ಟು. ಕಂತು ತಪ್ಪಿ 90 ದಿನ ದಾಟಿದ್ರ ಖಾತೆ ಎನ್‌ಪಿಎ, ಅಂದ್ರ ವಸೂಲಾಗದ ಸಾಲದ ಲೆಕ್ಕಕ್ಕ ಹೋಗತೈತಿ. ಸಿಬಿಲ್, ಅಂದ್ರ ಸಾಲ ಕಟ್ಟಿದ್ದರ ದಾಖಲೆ, ಹುಡುಗಂದಷ್ಟ ಅಲ್ಲ, ಕೋ-ಅಪ್ಲಿಕೆಂಟ್ ಅಪ್ಪಂದೂ ಕೆಡತೈತಿ. ನಾಳೆ ಅವರು ಟ್ರ್ಯಾಕ್ಟರಿಗೋ, ಕೊಳವೆಬಾವಿಗೋ ಸಾಲ ಕೇಳಾಕ ಹ್ವಾದ್ರ ಮಗನ ಲೋನ್ ಅಡ್ಡ ಬರತೈತಿ. ಅಡ ಏನೂ ಇಲ್ಲ ಅಂದ್ರ ಸಾಲ ಬಿಟ್ಟರು ಅಂತ ಅಲ್ಲ. ಏಳೂವರೆ ಲಕ್ಷದವರೆಗಿನ ಇಂಥಾ ಸಾಲಕ್ಕ ಕೇಂದ್ರ ಸರ್ಕಾರದ ಗ್ಯಾರಂಟಿ ಫಂಡ್ ಐತಿ, ಮುಳುಗಿದ್ದರಾಗ 75 ಪರ್ಸೆಂಟ್ ಅದು ಬ್ಯಾಂಕಿಗೆ ಕೊಡತೈತಿ, ಬ್ಯಾಂಕಿಗೆ ಕೊಡತೈತಿ, ನಿನಗಲ್ಲ! ವಸೂಲಿ ನಿನ್ನ ಮ್ಯಾಲೆ ನಡದ ಇರತೈತಿ. ಮುಂದ ಎಂದರ ಒನ್ ಟೈಮ್ ಸೆಟಲ್ಮೆಂಟ್ ಅಂತ ಮಾಡ್ಕೊಂಡ್ರ ಸಿಬಿಲ್‌ನ್ಯಾಗ ಕ್ಲೋಸ್ಡ್ ಅಂತ ಬರೂದಿಲ್ಲ, ಸೆಟಲ್ಡ್ ಅಂತ ಬರತೈತಿ, ಅದನ್ನ ನೋಡಿದ ಬ್ಯಾಂಕಿನವ ಹೋಮ್ ಲೋನ್ ಫೈಲ್ ಬದಿಗೆ ಸರಸತಾನ.

ಕರಾವಳಿ_ಅಕ್ಕ:

ನಾನು ಬಡ್ಡಿ ಸಬ್ಸಿಡಿ ವಿಷಯ ಹೇಳ್ತೇನೆ, ನಮ್ಮ ತಮ್ಮನ ಮಗಳ ಲೋನಿಗೆ ಬ್ಯಾಂಕಿಗೆ ಓಡಾಡಿದ್ದು ನಾನೇ. ನೀವು ಕೇಳಿದ್ದರಲ್ಲಿ ನಿಮಗೆ ಎಲ್ಲಕ್ಕಿಂತ ದೊಡ್ಡ ದುಡ್ಡಿನ ಪ್ರಶ್ನೆ ಇದೇ ಮಾರಾಯ್ರೆ, ಕಂತು ಯಾವಾಗ ಶುರು ಅನ್ನುವುದಲ್ಲ.

ಸಿಎಸ್‌ಐಎಸ್ ಅಂತ ಕೇಂದ್ರ ಸರ್ಕಾರದ ಯೋಜನೆ ಉಂಟು, 2009ರಿಂದ. ಕುಟುಂಬದ ವರ್ಷದ ಆದಾಯ ನಾಲ್ಕೂವರೆ ಲಕ್ಷದ ಒಳಗೆ ಇದ್ದರೆ ಮೊರಟೋರಿಯಂನ ಅಷ್ಟೂ ಬಡ್ಡಿ, ಅಂದರೆ ಓದುವ ವರ್ಷಗಳದ್ದು ಮತ್ತೆ ಮೇಲಿನ ಒಂದು ವರ್ಷದ್ದು, ಸರ್ಕಾರವೇ ಕೊಡುವುದು. ಎಲ್ಲಾ ಮೂಲದ ಆದಾಯ ಸೇರಿ ನಾಲ್ಕೂವರೆ, ತೋಟದ್ದೂ ಬಂತು ಅದರಲ್ಲಿ. ಇಲ್ಲಿಯೇ ದೇಶದ ಒಳಗೆ ಓದಿರಬೇಕು, ಕಾಲೇಜಿಗೆ ನ್ಯಾಕ್ ಅಥವಾ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇರಬೇಕು. ಡಿಗ್ರಿಗೆ ಒಮ್ಮೆ ತಗೊಂಡರೆ ಪಿಜಿಗೆ ಸಿಗುವುದಿಲ್ಲ. ಅರ್ಧಕ್ಕೆ ಕೋರ್ಸ್ ಬಿಟ್ಟವರಿಗೂ ಇಲ್ಲ, ಆರೋಗ್ಯದ ಕಾರಣ ಇದ್ದರೆ ಬೇರೆ.

ಇದು ತನ್ನಷ್ಟಕ್ಕೆ ಬರುವುದಲ್ಲ. ನೀವು ತಹಶೀಲ್ದಾರರ ಆದಾಯ ಪ್ರಮಾಣಪತ್ರ (ನಾಡಕಚೇರಿಯಲ್ಲಿ ಮಾಡಿಸುವುದೇ) ಬ್ಯಾಂಕಿಗೆ ಕೊಡಬೇಕು, ಬ್ಯಾಂಕಿನವರು ನಿಮ್ಮ ಖಾತೆಯದ್ದು ಕ್ಲೈಮ್ ಹಾಕಬೇಕು, ಇಡೀ ದೇಶಕ್ಕೆ ಇದರ ನೋಡಲ್ ಬ್ಯಾಂಕ್ ನಮ್ಮ ಕೆನರಾ, ಅಲ್ಲಿಂದ ಮುಂದೆ ಹೋಗಿ ದುಡ್ಡು ಬಂದು ನಿಮ್ಮ ಲೋನ್ ಖಾತೆಗೆ ಜಮಾ ಆಗಬೇಕು. ತಡ ಆಗ್ತದೆ, ವರ್ಷ ಹಿಡಿದದ್ದೂ ಉಂಟು. ನಮ್ಮ ಹುಡುಗಿಯ ಬ್ರ್ಯಾಂಚಿನಲ್ಲಿ ಸ್ಕಾಲರ್‌ಶಿಪ್ಪಿಗೆ ಕೊಟ್ಟ ಸರ್ಟಿಫಿಕೇಟೇ ಸಾಕು ಅಂತ ಹೇಳಿ ಕಳಿಸಿದ್ದರು, ಮತ್ತೆ ಹೋಗಿ ನೋಡಿದರೆ ಲೋನ್ ಫೈಲಿನಲ್ಲಿ ಅದು ಇಲ್ಲವೇ ಇಲ್ಲ. ಅದಕ್ಕೇ ಬಾಯಿ ಮಾತಲ್ಲಿ ಕೇಳಬೇಡಿ. ಯಾವ ಯಾವ ವರ್ಷದ್ದು ಕ್ಲೈಮ್ ಹಾಕಿದ್ದೀರಿ, ಯಾವುದು ಬಂದಿದೆ, ಯಾವುದು ಬಾಕಿ ಅಂತ ವರ್ಷವಾರು ಬರೆದು ಕೇಳಿ, ಇನ್ನೊಂದು ಕಾಪಿಗೆ ಸೀಲು ಹಾಕಿಸಿಕೊಳ್ಳಿ.

ಹೊಸದಾಗಿ ಲೋನ್ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ, 2024ರ ನವೆಂಬರಲ್ಲಿ ಪಿಎಂ ವಿದ್ಯಾಲಕ್ಷ್ಮಿ ಅಂತ ಒಂದು ಬಂದಿದೆ. ಆದಾಯ 8 ಲಕ್ಷದವರೆಗೆ ಇದ್ದು ಬೇರೆ ಸ್ಕಾಲರ್‌ಶಿಪ್ ಇಲ್ಲದವರಿಗೆ, 10 ಲಕ್ಷದವರೆಗಿನ ಲೋನಿಗೆ, ಮೊರಟೋರಿಯಂನ ಬಡ್ಡಿಯಲ್ಲಿ 3 ಪರ್ಸೆಂಟ್ ಸರ್ಕಾರದ್ದು. ಆದರೆ ರ್‍ಯಾಂಕಿಂಗ್ ನೋಡಿ ಆರಿಸಿದ ಕಾಲೇಜುಗಳಿಗೆ ಮಾತ್ರ, ಶುರುವಿನ ಪಟ್ಟಿಯಲ್ಲಿ 860 ಇದ್ದವು. ನಿಮ್ಮ ಕಾಲೇಜು ಪಟ್ಟಿಯಲ್ಲಿ ಉಂಟಾ ಅಂತ ಮೊದಲು ನೋಡಿ. ನಮ್ಮ ರಾಜ್ಯದ್ದೇ ಅರಿವು ಸಾಲವೂ ಉಂಟಲ್ಲ, ದೇವರಾಜ ಅರಸು ನಿಗಮದ್ದು, ಅಲ್ಪಸಂಖ್ಯಾತರ ನಿಗಮದ್ದು, ಸಿಇಟಿ ಸೀಟು ಸಿಕ್ಕವರಿಗೆ 2 ಪರ್ಸೆಂಟಿಗೆ. ಬ್ಯಾಂಕಿಗೆ ಓಡುವ ಮೊದಲು ಅದನ್ನು ಕೇಳುವುದು ಒಳ್ಳೆಯದು, ಸುಮಾರು ಜನಕ್ಕೆ ಗೊತ್ತೇ ಇರುವುದಿಲ್ಲ.

ಲೆಕ್ಕದ_ಪುಸ್ತಕ:

ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ, ಆ ಸಬ್ಸಿಡಿ ಪೂರ್ತಿ ಬಂದ್ರೆ ನಿಮ್ಮ ಬಾಕಿ 8.10 ಅಲ್ಲ, ಬರೀ 6 ಲಕ್ಷ. 15 ವರ್ಷದ ಕಂತು 8,704 ಇದ್ದಿದ್ದು 6,448ಕ್ಕೆ ಇಳಿಯತ್ತೆ. 19 ಸಾವಿರ ಸಂಬಳದಲ್ಲಿ ಒಂದು ಕಷ್ಟಪಟ್ಟು ಆಗೋದು, ಇನ್ನೊಂದು ಆಗದೇ ಇರೋದು. ಈ ಎರಡು ತಿಂಗಳು ಇದರ ಹಿಂದೆನೇ ಬೀಳಿ.

ಡಲ್ಲಾಸ್_ಕನ್ನಡಿಗ:

ಗೂಗಲ್‌ನ ಆರು ತಿಂಗಳಿಗೆ ಇನ್ನೊಂದು ಮೂಲ ಇದೆ, ನಮ್ಮ ಅಮೆರಿಕ. ಇಲ್ಲಿ ಸರ್ಕಾರಿ ಸ್ಟೂಡೆಂಟ್ ಲೋನಿಗೆ ಕಾಲೇಜು ಬಿಟ್ಟ ಮೇಲೆ ಆರು ತಿಂಗಳ ಗ್ರೇಸ್ ಪೀರಿಯಡ್, ಇಂಟರ್ನೆಟ್ಟಲ್ಲಿ ಇರೋ ಅರ್ಧಕ್ಕರ್ಧ ಲೇಖನ ಅದರ ಬಗ್ಗೆನೇ, ಕೆಲವರು ಅದನ್ನೇ ಎತ್ತಿ ಕನ್ನಡಕ್ಕೆ ಮಾಡಿ ಹಾಕಿರ್ತಾರೆ. ಸಂಬಳಕ್ಕೆ ತಕ್ಕಂತೆ ಕಂತು ಅನ್ನೋ ಪ್ಲಾನ್‌ಗಳೂ ಇಲ್ಲಿನವೇ, ಇಂಡಿಯಾದ ಬ್ಯಾಂಕಲ್ಲಿ ಹೋಗಿ ಕೇಳಿದ್ರೆ ಮುಖ ಮುಖ ನೋಡ್ತಾರೆ. ಮಜಾ ಅಂದ್ರೆ ಎಂಎಸ್ ಮಾಡೋಕೆ ಎಫ್1 ವೀಸಾದಲ್ಲಿ ಬರೋ ನಮ್ಮವರಿಗೆ ಆ ಸರ್ಕಾರಿ ಲೋನ್ ಸಿಗೋದೇ ಇಲ್ಲ, ನಾವೆಲ್ಲ ಊರಿನ ಬ್ಯಾಂಕಿಂದೋ ಎನ್‌ಬಿಎಫ್‌ಸಿಯಿಂದೋ (ಬ್ಯಾಂಕಲ್ಲದ ಫೈನಾನ್ಸ್ ಕಂಪನಿ) ತಗೊಂಡು ಬಂದವರೇ.

ಎನ್‌ಬಿಎಫ್‌ಸಿ ಕಡೆ ಹೋಗೋರು ಒಂದು ನೋಡ್ಕೊಳ್ಳಿ, ಸುಮಾರು ಕಡೆ ಓದೋವಾಗಲೇ ತಿಂಗಳಿಗೆ ಇಷ್ಟು ಅಂತ ಬಡ್ಡಿ ಕಟ್ಟಿಸ್ಕೋತಾರೆ, ಕಟ್ಟದೆ ಉಳಿದ ಬಡ್ಡಿ ಅಸಲಿಗೆ ಸೇರ್ತಾ ಹೋಗತ್ತೆ. ಕಾಕಾ ಹೇಳಿದ ಸರಳ ಬಡ್ಡಿ ಬ್ಯಾಂಕುಗಳ ಮಾದರಿ ಸ್ಕೀಮಿಂದು, ಎಲ್ಲಾ ಕಡೆ ಅದೇ ಇರತ್ತೆ ಅಂತ ಅಂದ್ಕೋಬೇಡಿ.

ತಿಪಟೂರು_ಹುಡುಗ:

ಇಷ್ಟೊಂದು ಜನ ಬರೀತೀರಿ ಅಂತ ಅಂದ್ಕೊಂಡಿರ್ಲಿಲ್ಲ, ತುಂಬಾ ಥ್ಯಾಂಕ್ಸ್. ಭಾನುವಾರ ಊರಿಗೆ ಹೋಗಿದ್ದೆ, ಅಪ್ಪ ಬೀರುವಲ್ಲಿ ತೋಟದ ಪಹಣಿ ಜೊತೆ ಸ್ಯಾಂಕ್ಷನ್ ಲೆಟರ್ ಇಟ್ಟಿದ್ರು. ಕೋರ್ಸ್ ಅವಧಿ ಪ್ಲಸ್ 12 ತಿಂಗಳು ಅಂತ ಕ್ಲಿಯರ್ ಆಗಿ ಬರೆದಿದೆ, ಕೆಲಸದ ಮಾತೇ ಇಲ್ಲ. ಸರಳ ಬಡ್ಡಿ ಅಂತಾನೂ ಇದೆ. ಕಂತು 120. ಫ್ಲೋಟಿಂಗ್ ರೇಟ್ (ಏರಿಳಿಯೋ ಬಡ್ಡಿ) ಅಂತ ಇದೆ.

ಸೋಮವಾರ ರಜೆ ಹಾಕಿ ಲೆಟರ್ ಹಿಡ್ಕೊಂಡು ಬ್ರ್ಯಾಂಚಿಗೆ ಹೋದೆ. ಮ್ಯಾನೇಜರ್ ಈ ಸಲ ಫೈಲ್ ತೆಗೆಸಿ ನೋಡಿದ್ರು, ಹೌದು ಇನ್ನೂ ಟೈಮ್ ಇದೆ ಅಂದ್ರು. ಸಬ್ಸಿಡಿದು ಕೇಳಿದ್ರೆ ಒಳಗಡೆ ಟೇಬಲ್‌ನವರ ಹತ್ರ ಕಳಿಸಿದ್ರು, ಅವರು ಇನ್‌ಕಮ್ ಸರ್ಟಿಫಿಕೇಟ್ ಫೈಲಲ್ಲಿದೆ, ಕ್ಲೈಮ್ ಹೋಗಿದ್ಯಾ ಇಲ್ವಾ ನೋಡಿ ಹೇಳ್ತೀನಿ ಅಂದ್ರು. ಅಕ್ಕ ಹೇಳಿದಂಗೆ ಅರ್ಜಿ ಕೊಟ್ಟು ಸೀಲು ಹಾಕಿಸ್ಕೊಂಡು ಬಂದಿದೀನಿ, ಸೀಲು ಕೇಳಿದ್ದಕ್ಕೆ ಸ್ವಲ್ಪ ಮುಖ ದಪ್ಪ ಮಾಡ್ಕೊಂಡ್ರು ಅಷ್ಟೆ.

ಈಗ ಸಮಸ್ಯೆ, ಸಬ್ಸಿಡಿ ಬರೋದು ತಡ ಆದ್ರೆ ಆ ಹತ್ತು ಸಾವಿರದ ಕಂತು ಶುರುವಾಗ್ಬಿಡತ್ತೆ. ಅಪ್ಪ ಕೊಬ್ಬರಿ ಮಾರಿದ ದುಡ್ಡಲ್ಲಿ ಒಂದು ಲಕ್ಷ ಕಟ್ಬಿಡೋಣ ಅಂತಿದಾರೆ. ಅದನ್ನ ಈಗಲೇ ಹಾಕೋದಾ ಇಲ್ಲ ಕಂತಿಗೆ ಅಂತ ಇಟ್ಕೊಳ್ಳೋದಾ? 10 ವರ್ಷ ಇರೋದನ್ನ 15 ಮಾಡ್ತಾರಾ?

ಲೆಕ್ಕದ_ಪುಸ್ತಕ:

ಒಂದು ಲಕ್ಷ ಪೂರ್ತಿ ಹಾಕ್ಬಿಟ್ರೆ 15 ವರ್ಷದ ಲೆಕ್ಕದಲ್ಲಿ ಕಂತು 1,075 ರೂಪಾಯಿ ಇಳಿಯತ್ತೆ. ಒಳ್ಳೇದೇ. ಆದ್ರೆ ನಿಮ್ಮ ಪರಿಸ್ಥಿತೀಲಿ ನಾನಾಗಿದ್ರೆ ಅರ್ಧ ಹಾಕಿ ಅರ್ಧ ಕೈಯಲ್ಲಿ ಇಟ್ಕೋತಿದ್ದೆ, ಯಾಕಂದ್ರೆ ಲೋನಿಗೆ ಹಾಕಿದ ದುಡ್ಡು ವಾಪಸ್ ಬರಲ್ಲ, ಕೆಲಸ ಏನಾದ್ರೂ ಹೋದ್ರೆ ಐದಾರು ತಿಂಗಳ ಕಂತು ಕೈಯಲ್ಲಿರಬೇಕು. ಬಡ್ಡಿ ಉಳಿಸೋ ಆಸೆಗೆ ಕೈ ಖಾಲಿ ಮಾಡ್ಕೊಂಡು ಆಮೇಲೆ ಕ್ರೆಡಿಟ್ ಕಾರ್ಡ್ ಉಜ್ಜೋದು ಬೇಡ. ಹಾಕೋದಾದ್ರೆ ಮಾತ್ರ ಕಂತು ಫಿಕ್ಸ್ ಆಗೋಕೆ ಮುಂಚೆ ಹಾಕಿ.

15 ವರ್ಷದ್ದು ಕೇಳಿ, ಮಾದರಿ ಸ್ಕೀಮಲ್ಲಿ 15 ವರ್ಷದವರೆಗೂ ಅವಕಾಶ ಇದೆ. ಬಡ್ಡಿ ಜಾಸ್ತಿ ಆಗತ್ತಲ್ಲ ಅಂತ ಹೆದರ್ಬೇಡಿ. 15 ವರ್ಷಕ್ಕೆ ಅಂತ ಮಾಡಿಸ್ಕೊಂಡು, ಕೈಲಿ ದುಡ್ಡಿದ್ದ ತಿಂಗಳು 10,704 ಕಟ್ಟಿ. ಎಲ್ಲಾ ತಿಂಗಳೂ ಹಾಗೇ ಕಟ್ಟಿದ್ರೆ ಲೋನ್ ಹತ್ತೇ ವರ್ಷಕ್ಕೆ ಮುಗಿಯತ್ತೆ, ಒಂದು ರೂಪಾಯಿ ಬಡ್ಡಿನೂ ಜಾಸ್ತಿ ಆಗಲ್ಲ, ಆದ್ರೆ ಕಷ್ಟದ ತಿಂಗಳಲ್ಲಿ 8,704 ಕಟ್ಟಿದ್ರೆ ಯಾರೂ ಕೇಳಲ್ಲ. ಮುಂದೆ ಸಂಬಳ ಏರಿದಾಗ 13,704 ಕಟ್ಟಿದ್ರೆ ಏಳು ವರ್ಷದೊಳಗೇ ಕ್ಲಿಯರ್. ಫ್ಲೋಟಿಂಗ್ ರೇಟ್ ಇರೋ ವೈಯಕ್ತಿಕ ಸಾಲಕ್ಕೆ ಮುಂಚೆ ಕಟ್ಟಿದ್ರೆ ದಂಡ ಹಾಕೋ ಹಾಗಿಲ್ಲ, ಆರ್‌ಬಿಐ ರೂಲ್ ಇದೆ. ಜಾಸ್ತಿ ಕಟ್ಟೋವಾಗ ಇದನ್ನ ಅಸಲಿಗೆ ಹಾಕಿ, ಅವಧಿ ಕಮ್ಮಿ ಮಾಡಿ ಅಂತ ಹೇಳಿ ಕಟ್ಟಿ, ಇಲ್ಲಾಂದ್ರೆ ಕೆಲವು ಕಡೆ ಮುಂದಿನ ಕಂತಿನ ಅಡ್ವಾನ್ಸ್ ಅಂತ ಹಿಡ್ಕೊಂಡು ಕೂತಿರ್ತಾರೆ.

ರೇಟ್ ಏರಿದಾಗ ಸದ್ದಿಲ್ಲದೆ ಅವಧಿ ಉದ್ದ ಮಾಡೋದೂ ನಡೀತಿತ್ತು, 2023ರಲ್ಲಿ ಆರ್‌ಬಿಐ ಅದಕ್ಕೂ ಕಡಿವಾಣ ಹಾಕಿದೆ, ಕಂತು ಏರಿಸ್ಬೇಕಾ ಅವಧಿ ಏರಿಸ್ಬೇಕಾ ಅಂತ ನಿಮ್ಮನ್ನ ಕೇಳಬೇಕು. ವರ್ಷಕ್ಕೊಂದ್ಸಲ ಇನ್ನೆಷ್ಟು ಕಂತು ಬಾಕಿ ಅಂತ ನೋಡ್ತಾ ಇರಿ.

ಟ್ಯಾಕ್ಸ್ ಬಗ್ಗೆ ಯಾರಾದ್ರೂ ಕೇಳೇ ಕೇಳ್ತಾರೆ ಅಂತ ಹೇಳ್ತೀನಿ, 80ಇ ಅಂತ ಎಲ್ಲರೂ ಕರೆಯೋ ವಿನಾಯಿತಿ ಬಡ್ಡಿಗೆ ಮಾತ್ರ, ಅಸಲಿಗಲ್ಲ. ಮಿತಿ ಇಲ್ಲ, ಎಂಟು ವರ್ಷ ಸಿಗತ್ತೆ, ಆದ್ರೆ ಹಳೇ ಟ್ಯಾಕ್ಸ್ ರಿಜೀಮಲ್ಲಿ ಇದ್ರೆ ಮಾತ್ರ. 19 ಸಾವಿರ ಸಂಬಳಕ್ಕೆ ಟ್ಯಾಕ್ಸೇ ಬರಲ್ಲ, ನೀವು ತಲೆ ಕೆಡಿಸ್ಕೋಬೇಡಿ.

ಬ್ಯಾಂಕಿನ_ಕಾಕಾ_ಧಾರವಾಡ:

ಲೆಕ್ಕದವರು ಛಲೋ ಹೇಳ್ಯಾರ. ಇನ್ನೊಂದು ದಾರಿ ಐತಿ, ಬ್ರ್ಯಾಂಚಿನವರು ತಾವಾಗೆ ಹೇಳೂದಿಲ್ಲ. 2015ರ ಮಾದರಿ ಸ್ಕೀಮ್‌ನ್ಯಾಗ, ಕೆಲಸ ಇಲ್ಲದಾಗ ಇಲ್ಲಾ ಓದಿಗೆ ತಕ್ಕ ಸಂಬಳ ಇಲ್ಲದಾಗ, ಸಾಲದ ಅವಧಿಯೊಳಗ ಎರಡು ಮೂರು ಸಲ ಮತ್ತ ಮೊರಟೋರಿಯಂ ಕೊಡಬಹುದು ಅಂತ ಐತಿ. ಸ್ವಂತ ಸ್ಟಾರ್ಟಪ್ ಮಾಡೋರಿಗೂ ಕೊಡಬಹುದು. ಕೊಡಬಹುದು ಅಂತ ಐತಿ, ಕೊಡಲೇಬೇಕು ಅಂತ ಇಲ್ಲ, ಬ್ಯಾಂಕಿನ ಮರ್ಜಿ. ನಿನ್ನ ಮೂರು ತಿಂಗಳಿನ ಪಗಾರ ಸ್ಲಿಪ್ ಹಚ್ಚಿ, ಸಬ್ಸಿಡಿ ಕ್ಲೈಮ್ ತೀರ್ಮಾನ ಆಗೂತನಕ ಕಂತು ಮುಂದ ಹಾಕ್ರಿ, ಇಲ್ಲಾ 180 ಕಂತು ಮಾಡ್ರಿ ಅಂತ ಒಂದ ಅರ್ಜಿಯೊಳಗ ಎರಡೂ ಕೇಳು. ಬರೇ ಟೈಮ್ ತಗೊಂಡ್ರ ಬಡ್ಡಿ ಬೆಳೀತೈತಿ, ಅದಕ್ಕ ನನ್ನ ಕೇಳಿದ್ರ 180 ಕಂತು ಮೊದಲ ಆಯ್ಕೆ, ಮುಂದ ಹಾಕೂದು ಕೈ ಸೋತಾಗ.

ಕೆಲವು ಬ್ಯಾಂಕಿನ್ಯಾಗ ಮೊದಲ ಒಂದೆರಡು ವರ್ಷ ಸಣ್ಣ ಕಂತು, ಆಮ್ಯಾಲೆ ಏರೋ ಕಂತು ಅಂತನೂ ಮಾಡಿ ಕೊಡತಾರ. ಕೇಳಿದ್ರ ಹೋಗೂದೇನೈತಿ.

ಎಲ್ಲಾ ಕಂತು ಬೀಳೂ ಮೊದ್ಲ ಮಾಡು. ಒಂದು ಕಂತು ಬೌನ್ಸ್ ಆದ ಮ್ಯಾಲೆ ಅರ್ಜಿ ಹಿಡಕೊಂಡು ಹ್ವಾದ್ರ ಅದ ಮ್ಯಾನೇಜರ್ ನಿನ್ನ ನೋಡೂ ರೀತಿನ ಬ್ಯಾರೆ. ಸಬ್ಸಿಡಿ ಅರ್ಜಿಗೆ 30 ದಿನದಾಗ ಉತ್ತರ ಬರದಿದ್ರ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಆನ್‌ಲೈನ್ ಕಂಪ್ಲೇಂಟ್ ಹಾಕಬಹುದು, ಖರ್ಚಿಲ್ಲ, ಆ ಸೀಲು ಹಾಕಿಸಿದ ಕಾಪಿ ಆವಾಗ ಬೇಕಾಗತೈತಿ. ಹಂಗಂತ ನಾಳೇನ ಹಾಕಬ್ಯಾಡ, ಮೊದ್ಲು ಬ್ಯಾಂಕಿನ ಮ್ಯಾಲಿನ ಆಫೀಸಿಗೆ ಒಂದು ಮೇಲ್ ಕಳಸು, ಎಷ್ಟೋ ಕೆಲಸ ಅಲ್ಲೇ ಆಗತಾವು.

ನರ್ಸಿಂಗ್_ವಿದ್ಯಾರ್ಥಿನಿ:

ಮಧ್ಯೆ ಬಂದಿದ್ದಕ್ಕೆ ಸಾರಿ, ನಂದೂ ಇದೇ ತರ ಲೋನ್ ಇದೆ, ಬಿಎಸ್ಸಿ ನರ್ಸಿಂಗ್ ಫೈನಲ್ ಇಯರ್, ಒಂದು ಪೇಪರ್ ಉಳ್ಕೊಂಡಿದೆ ಅದಕ್ಕೆ ಆರು ತಿಂಗಳು ಮುಂದೆ ಹೋಗತ್ತೆ. ಆಗ ಮೊರಟೋರಿಯಂ ಹಳೇ ಡೇಟಿಂದಾನೇ ಎಣಿಸ್ತಾರಾ?

ಬ್ಯಾಂಕಿನ_ಕಾಕಾ_ಧಾರವಾಡ:

ನೀ ಹೇಳದಿದ್ರ ಕಂಪ್ಯೂಟರ್ ಹಳೇ ಡೇಟ್‌ನ ಹಿಡಿತೈತಿ ತಂಗಿ. ಕಾಲೇಜಿನಿಂದ ಕೋರ್ಸ್ ಯಾವಾಗ ಮುಗೀತೈತಿ ಅಂತ ಪತ್ರ ತಗೊಂಡು ಈಗಲೇ ಬ್ಯಾಂಕಿಗೆ ಕೊಡು, ಕೋರ್ಸ್ ಅವಧಿ ಎರಡು ವರ್ಷದ ತನಕ ಮುಂದ ಹಾಕಾಕ ಅವಕಾಶ ಐತಿ. ಕಂತಿನ ಡೇಟ್ ಬಂದ ಮ್ಯಾಲೆ ಕೊಟ್ರ ತಿದ್ದೂದು ತ್ರಾಸ.

ಕರಾವಳಿ_ಅಕ್ಕ:

ಸಬ್ಸಿಡಿ ಹಾಕಿದ್ದರೆ ಅದಕ್ಕೂ ಆ ಪತ್ರ ಬೇಕಾಗ್ತದಾ ಅಂತ ಒಟ್ಟಿಗೇ ಕೇಳಿಕೊಂಡು ಬನ್ನಿ, ಎರಡೆರಡು ಸಲ ಓಡಾಟ ಬೇಡ.

ತಿಪಟೂರು_ಹುಡುಗ:

ಅಪ್‌ಡೇಟ್. ಬ್ರ್ಯಾಂಚಿಂದ ಫೋನ್ ಬಂತು, ಮೊದಲ ಮೂರು ವರ್ಷದ ಕ್ಲೈಮ್ ಹೋಗಿದೆಯಂತೆ, ದುಡ್ಡು ಇನ್ನೂ ಬಂದಿಲ್ಲ, ನಾಲ್ಕನೇದು ಇನ್ನು ಹಾಕ್ಬೇಕಂತೆ. ಅದನ್ನೇ ಮೇಲ್ ಮಾಡಿ ಅಂತ ಕೇಳಿ ಮೇಲ್ ತರಿಸ್ಕೊಂಡೆ. 180 ಕಂತಿನ ಅರ್ಜಿ ಸ್ಲಿಪ್ ಸಮೇತ ಕೊಟ್ಟಿದೀನಿ, ರೀಜನಲ್ ಆಫೀಸಿಗೆ ಕಳಿಸ್ತಾರಂತೆ. ಅಪ್ಪನ ಹತ್ರ ಮಾತಾಡಿ 50 ಸಾವಿರ ಹಾಕಿದ್ವಿ, ಮಿಕ್ಕಿದ್ದು ಎಸ್‌ಬಿ ಅಕೌಂಟಲ್ಲೇ ಇದೆ.

ಒಂದು ಸಣ್ಣ ಡೌಟ್, ಕಂತು ಪ್ರತಿ ತಿಂಗಳು 5ನೇ ತಾರೀಕು ಕಟ್ ಆಗತ್ತೆ ಅಂತ ಫಾರ್ಮಲ್ಲಿದೆ, ನಮಗೆ ಸಂಬಳ ಆಗೋದು 7ಕ್ಕೆ, ಕೆಲವು ಸಲ 8.

ಬ್ಯಾಂಕಿನ_ಕಾಕಾ_ಧಾರವಾಡ:

ಆ ಫಾರ್ಮ್‌ಗೆ ಸಹಿ ಮಾಡೂ ಮೊದ್ಲ 10ನೇ ತಾರೀಖು ಮಾಡ್ರಿ ಅಂತ ಹೇಳು, ಮ್ಯಾಂಡೇಟ್, ಅಂದ್ರ ಖಾತೆಯಿಂದ ತಾನಾಗೆ ಕಂತು ಕಟ್ ಮಾಡೂ ಒಪ್ಪಿಗೆ, ಒಮ್ಮೆ ನೋಂದಣಿ ಆದ ಮ್ಯಾಲೆ ಬದಲಿ ಮಾಡೂದು ದೊಡ್ಡ ಕಥಿ. ಬೌನ್ಸ್ ಆದ್ರ ಸಂಬಳದ ಖಾತೆ ಇರೋ ಬ್ಯಾಂಕೂ ಚಾರ್ಜ್ ಹಾಕತೈತಿ, ಲೋನ್ ಕೊಟ್ಟ ಬ್ಯಾಂಕೂ ಹಾಕತೈತಿ. ಅವರು ಒಪ್ಪದಿದ್ರ ಸಂಬಳ ಬಂದ ದಿನ ಮುಂದಿನ ತಿಂಗಳಿನ ಕಂತು ಬ್ಯಾರೆ ಖಾತೇಗ ತಗದ ಇಟ್ಟುಬಿಡು, ಅಪ್ಪಾರ ಕೊಬ್ಬರಿ ರೊಕ್ಕದಾಗ ಮೊದಲನೇ ಕಂತು ಹೋಗಲಿ.